ಫೋನು ಅಳಿಸಿದ ಮಚ್ಚೆ: ಸ್ವಂತ ಮುಖದ ಜೊತೆ ಮತ್ತೆ ಸ್ನೇಹ ಮಾಡಿಕೊಳ್ಳುವ ದಾರಿ

ಅರಸೀಕೆರೆ ಹತ್ತಿರ ನಮ್ಮ ದೊಡ್ಡಪ್ಪನ ಮನೆ ಗೃಹಪ್ರವೇಶ ಇತ್ತು. ಊಟ ಮುಗಿದ ಮೇಲೆ ಎಲ್ಲರೂ ಫೋಟೋಗೆ ನಿಂತರು. ಅಕ್ಕನ ಮಗಳು ಮಾತ್ರ ಬರಲಿಲ್ಲ. ಸೆಕೆಂಡ್ ಪಿಯುಸಿ ಓದುವ ಹುಡುಗಿ. "ಚಿಕ್ಕಿ, ಆ ಫೋನಲ್ಲಿ ಬೇಡ, ನನ್ನ ಫೋನಲ್ಲೇ ತೆಗಿ" ಅಂದಳು. ಸರಿ ಅಂತ ಅವಳ ಫೋನಲ್ಲೇ ತೆಗೆದೆ. ಆಮೇಲೆ ಫೋಟೋ ದೊಡ್ಡದು ಮಾಡಿ ನೋಡಿದರೆ ಅವಳ ಗಲ್ಲದ ಮೇಲಿನ ಮಚ್ಚೆಯೇ ಇಲ್ಲ!

ಆ ಮಚ್ಚೆ ನಮ್ಮಮ್ಮನಿಗೂ ಅದೇ ಜಾಗದಲ್ಲಿದೆ. ಇವಳು ಮಗುವಾಗಿದ್ದಾಗ ಅದನ್ನು ನೋಡಿ "ಅಜ್ಜಿ ಮೊಮ್ಮಗಳು" ಅಂತ ಮನೆಯವರೆಲ್ಲ ಮುದ್ದಾಡಿದ್ದೆವು. ಫೋನು ಅದನ್ನು ಕಲೆ ಅಂದುಕೊಂಡು ಒರೆಸಿ ಹಾಕಿತ್ತು. ಹಣೆಯ ಕುಂಕುಮದ ಅಂಚು ಕರಗಿತ್ತು. ಮೈಬಣ್ಣ ತಿಳಿಯಾಗಿತ್ತು.

"ಇದು ನೀನಾ?" ಅಂತ ಕೇಳಿದೆ.

"ಇದೇ ಚೆನ್ನಾಗಿದೆ ಬಿಡು" ಅಂದಳು.

ಆ ಮಾತು ನನಗೆ ತುಂಬ ಚುಚ್ಚಿತು. ಆಮೇಲಿನ ತಿಂಗಳುಗಳಲ್ಲಿ ನಾವಿಬ್ಬರೂ ಸೇರಿ ಕೆಲವು ಕೆಲಸ ಮಾಡಿದೆವು. ಕೆಲವು ನಡೆದವು, ಕೆಲವು ನಡೆಯಲಿಲ್ಲ. ನಡೆದದ್ದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ. ಹದಿನೈದರಿಂದ ಇಪ್ಪತ್ತೈದರ ಒಳಗಿನ ಹುಡುಗಿಯರು ತಾವೇ ಮಾಡಬಹುದು. ಅಮ್ಮಂದಿರು, ಅಕ್ಕಂದಿರು, ಚಿಕ್ಕಮ್ಮಂದಿರು ಜೊತೆಗೆ ಕೂತರೆ ಇನ್ನೂ ಒಳ್ಳೆಯದು.

ಶುರು ಮಾಡುವ ಮುಂಚೆ: ತಪ್ಪು ಹುಡುಗಿಯದಲ್ಲ

"ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ, ಈಗಿನ ಮಕ್ಕಳ ಮನಸ್ಸೇ ವೀಕು" ಅನ್ನುವ ಮಾತು ಎಲ್ಲ ಮನೆಯಲ್ಲೂ ಇದೆ. ದಯವಿಟ್ಟು ಅದನ್ನು ಬಿಡಿ. ಫಿಜಿ ದ್ವೀಪದ ಕಥೆ ಕೇಳಿ. ಅಲ್ಲಿ ಮೈಕೈ ತುಂಬಿಕೊಂಡಿರುವುದೇ ಚೆಂದ ಅಂತ ಜನ ನಂಬಿದ್ದರು. ಅಲ್ಲಿನ ನಾದ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಆನ್ ಬೆಕರ್ ಆ ವರ್ಷವೂ, ಮೂರು ವರ್ಷ ಬಿಟ್ಟು 1998ರಲ್ಲೂ, ಶಾಲಾ ಹುಡುಗಿಯರ ಜೊತೆ ಮಾತಾಡಿದರು. ಊಟದ ಬಗ್ಗೆ ಕೇಳಿದ ಪ್ರಶ್ನೆಗಳಲ್ಲಿ ಅಪಾಯದ ಗೆರೆ ದಾಟಿದವರು ಮೊದಲು ನೂರಕ್ಕೆ 12.7 ಇದ್ದರು, ಆಮೇಲೆ 29.2 ಆದರು. ತೂಕ ಇಳಿಸಲು ಬೇಕಂತಲೇ ವಾಂತಿ ಮಾಡಿಕೊಳ್ಳುವವರು ಮೊದಲು ಒಬ್ಬರೂ ಇರಲಿಲ್ಲ. ಮೂರು ವರ್ಷದಲ್ಲಿ ನೂರಕ್ಕೆ 11.3 ಆದರು. ಅಷ್ಟೂ ಹುಡುಗಿಯರ ಮನಸ್ಸು ಮೂರೇ ವರ್ಷದಲ್ಲಿ ವೀಕಾಯಿತು ಅಂತ ಹೇಳೋಕಾಗುತ್ತಾ?

ನಾನು ಪ್ರೈಮರಿ ಸ್ಕೂಲಲ್ಲಿದ್ದಾಗ, 1996ರ ನವೆಂಬರ್‌ನಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಮಿಸ್ ವರ್ಲ್ಡ್ ಸ್ಪರ್ಧೆ ನಡೆಯಿತು. ಎಷ್ಟು ಪ್ರತಿಭಟನೆ ಆಯಿತೆಂದರೆ ಈಜುಡುಗೆಯ ಸುತ್ತನ್ನು ಸೇಶೆಲ್ಸ್ ದೇಶಕ್ಕೆ ಸಾಗಿಸಬೇಕಾಯಿತು. ಅದು ಒಂದು ರಾತ್ರಿಯ ಮಾತು. ನಾವು ಟಿವಿ ಮುಂದೆ ಕೂತು ನೋಡಿ, ಅದನ್ನು ಆಫ್ ಮಾಡಿ, ಮಲಗಿದೆವು. ಈಗ ಅದೇ ಸ್ಪರ್ಧೆ ಕೈಯಲ್ಲಿರುವ ಫೋನಿನಲ್ಲಿ ದಿನಾ ನಡೆಯುತ್ತಿದೆ. ನೋಡುವ ಹುಡುಗಿಯನ್ನೂ ಸ್ಟೇಜಿಗೆ ಎಳೆದು ನಿಲ್ಲಿಸಿದೆ. ಲೈಕುಗಳೇ ಅಂಕ. ಇದನ್ನು ನಡೆಸುವವರಿಗೂ ವಿಷಯ ಗೊತ್ತಿತ್ತು. ಹದಿಹರೆಯದ ಹುಡುಗಿಯರಲ್ಲಿ ಮೂವರಲ್ಲಿ ಒಬ್ಬರಿಗೆ ತಮ್ಮ ದೇಹದ ಬಗ್ಗೆ ಇರುವ ಕೊರಗನ್ನು ನಾವು ಜಾಸ್ತಿ ಮಾಡುತ್ತಿದ್ದೇವೆ ಅಂತ ಇನ್‌ಸ್ಟಾಗ್ರಾಂನ ಒಳಗಿನವರೇ ಬರೆದುಕೊಂಡಿದ್ದ ಟಿಪ್ಪಣಿ 2021ರಲ್ಲಿ ಹೊರಗೆ ಬಂತು.

ಹೆಜ್ಜೆ 1: ಏಳು ದಿನ ಬರೆದಿಡಿ

ಒಂದು ಹಳೆಯ ನೋಟ್‌ಬುಕ್ ಸಾಕು. ಫೋನು ಅಥವಾ ಟಿವಿ ನೋಡಿ ನಿಮ್ಮ ಮೈ, ಮುಖ, ಕೂದಲ ಬಗ್ಗೆ ಬೇಜಾರಾದಾಗಲೆಲ್ಲ ಒಂದು ಸಾಲು ಬರೆಯಿರಿ. ಎಷ್ಟು ಗಂಟೆ, ಎಲ್ಲಿದ್ದೆ, ಏನು ನೋಡುತ್ತಿದ್ದೆ, ಆಮೇಲೆ ಏನು ಮಾಡಿದೆ. ಅಷ್ಟೇ. ನೋಡುವುದನ್ನು ಕಡಿಮೆ ಮಾಡಬೇಡಿ, ಈಗಲೇ ಏನೂ ಬದಲಿಸಬೇಡಿ.

ನಮ್ಮ ಹುಡುಗಿಯ ಪುಸ್ತಕದಲ್ಲಿ ಇದ್ದ ಒಂದು ಸಾಲು ಹೀಗಿತ್ತು: "ರಾತ್ರಿ 11:20, ಹಾಸಿಗೆ, ಮದುವೆ ಮೇಕಪ್ ರೀಲ್ಸ್, ಎದ್ದು ಹೋಗಿ ಕನ್ನಡಿ ನೋಡಿಕೊಂಡೆ." ಏಳು ದಿನ ಆದಾಗ ಎರಡು ವಿಷಯ ಕಂಡವು. ಬೇಜಾರೆಲ್ಲ ಹೆಚ್ಚುಕಡಿಮೆ ರಾತ್ರಿ ಹತ್ತೂವರೆ ನಂತರವೇ. ಇನ್ನೊಂದು, ಸಿನಿಮಾ ನಟಿಯರನ್ನು ನೋಡಿ ಅವಳಿಗೆ ಬೇಜಾರೇ ಆಗಿರಲಿಲ್ಲ. "ಅವರ ಕೆಲಸವೇ ಅದು ಚಿಕ್ಕಿ" ಅಂದಳು. ಚುಚ್ಚುತ್ತಿದ್ದದ್ದು ಅವಳ ಕಾಲೇಜಿನ ಹುಡುಗಿಯರ, ಪಕ್ಕದೂರಿನ ಹುಡುಗಿಯರ ಫೋಟೋಗಳು. ನಮ್ಮ ಹಾಗೇ ಇರುವವರು ಹೀಗೆ ಹೊಳೆಯುತ್ತಿದ್ದಾರೆ, ನಾನು ಮಾತ್ರ ಯಾಕೆ ಹೀಗೆ ಅನ್ನುವ ಪ್ರಶ್ನೆ. ನಾನು ಸಿನಿಮಾ, ಜಾಹೀರಾತು ಅಂತ ಬೈಯುತ್ತಾ ಕೂತಿದ್ದೆ. ಪುಸ್ತಕ ಬೇರೆ ಕಡೆ ಬೆರಳು ತೋರಿಸಿತು. ಅದಕ್ಕೇ ಬರೆಯುವುದು ಮೊದಲ ಹೆಜ್ಜೆ.

ಹೆಜ್ಜೆ 2: ಫೋಟೋ ಹೇಗೆ ತಯಾರಾಗುತ್ತದೆ ಅಂತ ಕೈಯಾರೆ ಮಾಡಿ ನೋಡಿ

"ಅದೆಲ್ಲ ಸುಳ್ಳು, ಎಡಿಟ್ ಮಾಡಿರ್ತಾರೆ" ಅಂತ ಬಾಯಲ್ಲಿ ಹೇಳಿದರೆ ಏನೂ ಪ್ರಯೋಜನ ಇಲ್ಲ. ಹುಡುಗಿಯರಿಗೆ ಅದು ಗೊತ್ತು. ಗೊತ್ತಿದ್ದರೂ ನೋವಾಗುತ್ತದೆ. ಸ್ವತಃ ಮಾಡಿ ನೋಡಿದಾಗ ಮಾತ್ರ ವಿಷಯ ಒಳಗೆ ಇಳಿಯುತ್ತದೆ. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಹೊತ್ತಿಗೆ ಹೀಗೆ ಮಾಡಿ.

ಮೊದಲು ಕ್ಯಾಮೆರಾದ ಸೆಟ್ಟಿಂಗ್ಸ್ ತೆರೆಯಿರಿ. ಬ್ಯೂಟಿ, ಪೋರ್ಟ್ರೇಟ್ ರೀಟಚ್, ಫೇಸ್ ಸ್ಮೂತ್, ಹೀಗೆ ಏನೋ ಒಂದು ಹೆಸರಿನಲ್ಲಿ ಒಂದು ಗುಂಡಿ ಇರುತ್ತದೆ. ಎಷ್ಟೋ ಫೋನುಗಳಲ್ಲಿ ನೀವು ಕೇಳದೇ ಇದ್ದರೂ ಅದು ಆನ್ ಆಗಿರುತ್ತದೆ. ನಮ್ಮ ಹುಡುಗಿಯ ಫೋನಿನಲ್ಲೂ ಹಾಗೇ ಇತ್ತು. ಅವಳು ಅದನ್ನು ಯಾವತ್ತೂ ಆಫ್ ಮಾಡಿದವಳೇ ಅಲ್ಲ. ತನ್ನ ನಿಜ ಮುಖ ಫೋನಿನ ಪರದೆ ಮೇಲೆ ಹೇಗೆ ಕಾಣುತ್ತದೆ ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಬಚ್ಚಲುಮನೆ ಕನ್ನಡಿಯಲ್ಲಿ ಒಂದು ಮುಖ, ಫೋನಿನಲ್ಲಿ ಇನ್ನೊಂದು. ಎರಡರಲ್ಲಿ ಕನ್ನಡಿಯದ್ದೇ ತಪ್ಪು ಅಂತ ಅವಳು ತೀರ್ಮಾನಿಸಿದ್ದಳು. ಗುಂಡಿ ಆಫ್ ಮಾಡಿದಾಗ ಪರದೆ ನೋಡಿ ಒಂದು ನಿಮಿಷ ಸುಮ್ಮನಾದಳು. ಅಲ್ಲಿ ಅವಸರ ಮಾಡಬೇಡಿ. ಆ ಒಂದು ನಿಮಿಷ ಬೇಕು.

ಆಮೇಲೆ ಒಂದು ಅಡಿ ದೂರದಿಂದ ಸೆಲ್ಫಿ ತೆಗೆಯಿರಿ. ಅದಾದ ಮೇಲೆ ಐದು ಅಡಿ ದೂರದಲ್ಲಿ ಬೇರೆಯವರನ್ನು ನಿಲ್ಲಿಸಿ ಅದೇ ಬೆಳಕಲ್ಲಿ ಇನ್ನೊಂದು ತೆಗೆಸಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮೂಗು ನೋಡಿ. ಒಂದು ಅಡಿ ದೂರದ ಸೆಲ್ಫಿಯಲ್ಲಿ ಮೂಗು, ಐದು ಅಡಿ ದೂರದ ಫೋಟೋಗಿಂತ ಸುಮಾರು ನೂರಕ್ಕೆ 30ರಷ್ಟು ಅಗಲ ಕಾಣುತ್ತದೆ ಅಂತ ಅಮೆರಿಕದ ವೈದ್ಯರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಸೆಲ್ಫಿ ತೋರಿಸಿ ಮೂಗು ಚಿಕ್ಕದು ಮಾಡಿ ಅಂತ ಬರುವವರು ಜಾಸ್ತಿ ಆದರು ಅಂತಲೇ ಅವರು ಈ ಲೆಕ್ಕಕ್ಕೆ ಕೂತದ್ದು. ಕ್ಯಾಮೆರಾಗೆ ಹತ್ತಿರ ಇರುವ ವಸ್ತು ದೊಡ್ಡದಾಗಿ ಕಾಣುತ್ತದೆ, ಮುಖದಲ್ಲಿ ಮುಂದೆ ಇರುವುದು ಮೂಗು. ಇಷ್ಟೇ ವಿಷಯ. "ನನ್ನ ಮೂಗು ಬೋಂಡ ಥರ ಇದೆ" ಅಂತ ಎರಡು ವರ್ಷದಿಂದ ಕೊರಗುತ್ತಿದ್ದ ಹುಡುಗಿ ಆ ಎರಡು ಫೋಟೋಗಳನ್ನು ಎಷ್ಟೋ ಹೊತ್ತು ನೋಡಿದಳು.

ಮೂರನೆಯದು ಬೆಳಕು. ಟ್ಯೂಬ್‌ಲೈಟ್ ಕೆಳಗೆ ನಿಂತು ಒಂದು ಫೋಟೋ, ಕಿಟಕಿ ಕಡೆ ಮುಖ ಮಾಡಿ ಒಂದು. ತಲೆ ಮೇಲಿನ ದೀಪ ಕಣ್ಣ ಕೆಳಗೆ ನೆರಳು ಚೆಲ್ಲುತ್ತದೆ. ಒಂದೇ ಮುಖ, ಒಂದೇ ನಿಮಿಷ, ಎರಡು ಬೇರೆ ಹುಡುಗಿಯರು!

ಇನ್‌ಸ್ಟಾಗ್ರಾಂ 2025ರ ಜನವರಿಯಲ್ಲಿ ಹೊರಗಿನವರು ಮಾಡಿದ ಫಿಲ್ಟರುಗಳನ್ನು ತೆಗೆದುಹಾಕಿತು. ಹಾಗಂತ ಫಿಲ್ಟರುಗಳೆಲ್ಲ ಹೋದವು ಅಂತಲ್ಲ. ಬೇರೆ ಆ್ಯಪಿನಲ್ಲಿ ಮುಖ ತಿದ್ದಿ, ಆಮೇಲೆ ತಂದು ಹಾಕುವುದು ನಡೆದೇ ಇದೆ. ನಾರ್ವೆಯಲ್ಲಿ 2022ರಿಂದ ಜಾಹೀರಾತಿನಲ್ಲಿ ದೇಹವನ್ನು ತಿದ್ದಿದ್ದರೆ ಹಾಗಂತ ಗುರುತು ಹಾಕಲೇಬೇಕು. ನಮ್ಮಲ್ಲಿ ಆ ಗುರುತನ್ನು ನಮ್ಮ ಕಣ್ಣೇ ಹಾಕಿಕೊಳ್ಳಬೇಕು. ಕಿವಿಯೋಲೆಯ ಅಂಚು ಕರಗಿದೆಯಾ? ಹಿಂದಿನ ಬಾಗಿಲ ಚೌಕಟ್ಟು ಸೊಂಟದ ಹತ್ತಿರ ಬಾಗಿದೆಯಾ? ಮುಖ ಒಂದು ಬಣ್ಣ, ಕೈ ಒಂದು ಬಣ್ಣ ಇದೆಯಾ? ಇದನ್ನು ಗೆಳತಿಯರ ಫೋಟೋ ಮೇಲೆ ಹೇಳಿ ನಗಬೇಡಿ. ಅವರಿಗೂ ಇದೇ ನೋವಿದೆ.

ಹೆಜ್ಜೆ 3: ಫೀಡನ್ನು ಹೊಸದಾಗಿ ಬಿತ್ತಿ

ಒಂದು ವಿಡಿಯೋ ಮೇಲೆ ನೀವು ಎಷ್ಟು ಹೊತ್ತು ನಿಂತಿರಿ ಅನ್ನುವುದನ್ನು ಆ್ಯಪ್ ಎಣಿಸುತ್ತದೆ. ಇಷ್ಟಪಟ್ಟು ನಿಂತಿರೋ, ಹೊಟ್ಟೆ ಉರಿದು ನಿಂತಿರೋ, ಅತ್ತು ನಿಂತಿರೋ ಅದಕ್ಕೆ ಬೇಕಿಲ್ಲ. ನಿಂತಿರಿ ಅಲ್ವಾ, ಹಾಗಾದರೆ ಇನ್ನಷ್ಟು ತಗೊಳ್ಳಿ ಅನ್ನುತ್ತದೆ.

ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ 'ಕಂಟೆಂಟ್ ಪ್ರಿಫರೆನ್ಸಸ್' ಒಳಗೆ 'ರೀಸೆಟ್ ಸಜೆಸ್ಟೆಡ್ ಕಂಟೆಂಟ್' ಅಂತ ಇದೆ. ಒತ್ತಿದರೆ ಇಲ್ಲಿಯವರೆಗೆ ಅದು ಕಲಿತದ್ದನ್ನು ಒರೆಸಿ ಹೊಸದಾಗಿ ಶುರು ಮಾಡುತ್ತದೆ. ಬೇಡದ ಪದಗಳನ್ನು ಬರೆದಿಡುವ ಜಾಗವೂ ಅಲ್ಲೇ ಇದೆ. 'ವೇಟ್ ಲಾಸ್', 'ಸ್ಕಿನ್ ವೈಟ್ನಿಂಗ್' ಅಂತ ಬರೆಯಿರಿ, 'ಬೆಳ್ಳಗಾಗಲು' ಅಂತ ಕನ್ನಡದಲ್ಲೂ ಬರೆಯಿರಿ. ಯೂಟ್ಯೂಬಿನಲ್ಲಿ ವಿಡಿಯೋ ಪಕ್ಕದ ಮೂರು ಚುಕ್ಕಿ ಒತ್ತಿ 'ಡೋಂಟ್ ರೆಕಮೆಂಡ್ ಚಾನೆಲ್' ಆರಿಸಿ. ಗೂಗಲ್‌ನ 'ಮೈ ಆ್ಯಡ್ ಸೆಂಟರ್' ಒಳಗೆ ತೂಕ ಇಳಿಸುವ ಜಾಹೀರಾತುಗಳನ್ನು ಕಡಿಮೆ ಮಾಡಿ ಅಂತ ಹೇಳಬಹುದು. ಹೆಸರು, ಜಾಗ ಒಂದೊಂದು ಫೋನಿನಲ್ಲಿ ಆಚೀಚೆ ಇರುತ್ತದೆ, ಸ್ವಲ್ಪ ಹುಡುಕಿ.

ಖಾಲಿ ಬಿಟ್ಟ ಹೊಲದಲ್ಲಿ ಕಳೆಯೇ ಬೆಳೆಯುವುದು. ಹಾಗಾಗಿ ಅದೇ ದಿನ ಹತ್ತು ಹೊಸ ಖಾತೆಗಳನ್ನು ಫಾಲೋ ಮಾಡಿ. 'ನಿನ್ನ ದೇಹವನ್ನು ಪ್ರೀತಿಸು' ಅಂತ ಹೇಳುವ ಖಾತೆಗಳೇ ಆಗಬೇಕಿಲ್ಲ. ಅಲ್ಲೂ ಮಾತು ದೇಹದ ಸುತ್ತಲೇ ಸುತ್ತುತ್ತದೆ. ಕೈಕಾಲು ಏನೋ ಕೆಲಸ ಮಾಡುತ್ತಿರುವ ಹೆಣ್ಣುಮಕ್ಕಳನ್ನು ಹುಡುಕಿ. ವಿಜಯಪುರದ ರಾಜೇಶ್ವರಿ ಗಾಯಕ್ವಾಡ್ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ಮೇಲೆ ಬರೀ 15 ರನ್ ಕೊಟ್ಟು ಐದು ವಿಕೆಟ್ ತೆಗೆದರು. ಗಿಡ ನೆಟ್ಟು ಬೆಳೆಸಿದ ಅಂಕೋಲಾದ ಹೊನ್ನಳ್ಳಿಯ ತುಳಸಿ ಗೌಡ 2021ರಲ್ಲಿ ತಮ್ಮ ಹಾಲಕ್ಕಿ ಸಮುದಾಯದ ಉಡುಗೆಯಲ್ಲಿ ಬರಿಗಾಲಲ್ಲೇ ನಡೆದು ಹೋಗಿ ಪದ್ಮಶ್ರೀ ತಗೊಂಡ ಫೋಟೋ ನೆನಪಿದೆಯಾ? ಆ ಪಾದಗಳನ್ನು ನೋಡಿದಾಗ ಬಣ್ಣದ ಯೋಚನೆಯೇ ಬರುವುದಿಲ್ಲ. ಅಷ್ಟು ಗಿಡ ನೆಟ್ಟ ಕಾಲುಗಳು ಅನಿಸುತ್ತದೆ. ಯಕ್ಷಗಾನ, ಕಬಡ್ಡಿ, ಹಕ್ಕಿ ನೋಡುವವರು, ಬೈಕ್ ರಿಪೇರಿ ಮಾಡುವವರು, ಯಾರಾದರೂ ಸರಿ.

ರಾತ್ರಿ ಫೋನು ನಡುಮನೆಯಲ್ಲಿ ಚಾರ್ಜ್‌ಗೆ ಇಡಿ. ಇಡೀ ಮನೆಯದ್ದು, ಅಪ್ಪಂದೂ ಸೇರಿ. ಹುಡುಗಿಯದ್ದು ಮಾತ್ರ ಕಿತ್ತುಕೊಂಡರೆ ಅದು ಶಿಕ್ಷೆ ಆಗುತ್ತದೆ. ನಾನು ಒಂದು ಸಲ ಹಾಗೆ ಮಾಡಿ ಎರಡು ವಾರ ಅವಳ ಜೊತೆ ಮಾತು ಕಳೆದುಕೊಂಡೆ.

ಹೆಜ್ಜೆ 4: ಮುಖಕ್ಕೆ ಏನು ಹಚ್ಚುತ್ತಿದ್ದೀರಿ ಅಂತ ಟ್ಯೂಬ್ ತಿರುಗಿಸಿ ಓದಿ

ಫೇರ್ ಅಂಡ್ ಲವ್ಲಿ 1975ರಲ್ಲಿ ಬಂತು. 2020ರಲ್ಲಿ ಹೆಸರಿನಿಂದ 'ಫೇರ್' ತೆಗೆದು 'ಗ್ಲೋ' ಹಾಕಿದರು. ನಡುವಿನ ನಲವತ್ತೈದು ವರ್ಷ ನಮ್ಮ ಅಮ್ಮಂದಿರು, ನಾವು, ನಮ್ಮ ಮಕ್ಕಳು ಒಂದೇ ಪಾಠ ಓದಿದೆವು. ಬೆಳ್ಳಗಾದರೆ ಕೆಲಸ, ಬೆಳ್ಳಗಾದರೆ ಗಂಡು. ಕಪ್ಪಗಿರುವವರನ್ನು ಸೋತವರು, ಬೇಡವಾದವರು ಅಂತ ತೋರಿಸಬಾರದು ಅಂತ ಜಾಹೀರಾತು ಗುಣಮಟ್ಟ ಮಂಡಳಿ (ASCI) 2014ರಲ್ಲಿ ನಿಯಮ ಮಾಡಿತು. ಪದ ಬದಲಾಯಿತು. 'ಬ್ರೈಟ್', 'ಗ್ಲೋ', 'ಟ್ಯಾನ್ ರಿಮೂವಲ್'. ಮಾತಿನ ಅರ್ಥ ಅಲ್ಲೇ ಇದೆ. ದುಡ್ಡು ತಗೊಂಡು ಪ್ರಚಾರ ಮಾಡುವ ಇನ್‌ಫ್ಲುಯೆನ್ಸರುಗಳು ಅದು ಜಾಹೀರಾತು ಅಂತ ಗುರುತು ಹಾಕಬೇಕು ಅನ್ನುವ ನಿಯಮವೂ 2021ರಿಂದ ಇದೆ. ಗುರುತಿಲ್ಲದ್ದು ಕಂಡರೆ ಮಂಡಳಿಯ ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ದೂರು ಕೊಡಬಹುದು.

ಆದರೆ ನನಗೆ ಜಾಸ್ತಿ ಭಯ ಇರುವುದು ಬೇರೆ ಕ್ರೀಮುಗಳ ಬಗ್ಗೆ. ಡಿಗ್ರಿ ಓದುವಾಗ ಗೆಳತಿ ಹೇಳಿದಳು ಅಂತ ನಾನೂ ಮೆಡಿಕಲ್ ಸ್ಟೋರಿನಲ್ಲಿ ಒಂದು ಟ್ಯೂಬ್ ತಗೊಂಡೆ. ಚೀಟಿ ಯಾರೂ ಕೇಳಲಿಲ್ಲ. ಮೂರು ವಾರದಲ್ಲಿ ಮುಖ ನಿಜಕ್ಕೂ ತಿಳಿಯಾಯಿತು. ಎಲ್ಲರೂ ಹೊಗಳಿದರು. ನಾಲ್ಕನೇ ತಿಂಗಳು ಕೆನ್ನೆ ಕೆಂಪಾಗಿ ಉರಿಯತೊಡಗಿತು. ಬಿಸಿಲಿಗೆ ಹೋದರೆ ಮೆಣಸಿನಪುಡಿ ಎರಚಿದ ಹಾಗೆ. ಮೊಡವೆ ಎದ್ದವು, ಗಲ್ಲದಲ್ಲಿ ಕೂದಲು ಬಂತು. ಹಚ್ಚುವುದು ನಿಲ್ಲಿಸಿದರೆ ಇನ್ನೂ ಕೆಂಪು. ಚರ್ಮದ ಡಾಕ್ಟರು ಆ ಟ್ಯೂಬ್ ನೋಡಿ, "ಇದು ಸ್ಟೀರಾಯ್ಡ್ ಕಣಮ್ಮ, ಫೇರ್‌ನೆಸ್ ಕ್ರೀಮ್ ಅಲ್ಲ" ಅಂದರು. ಸರಿಯಾಗಲು ವರ್ಷದ ಮೇಲೆ ಹಿಡಿಯಿತು.

ಹಾಗಾಗಿ ಟ್ಯೂಬಿನ ಹಿಂದೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಇದ್ದರೆ ಅದು ಔಷಧಿ. ಇಂಥ 14 ಸ್ಟೀರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ 2018ರಲ್ಲಿ ಆದೇಶ ಮಾಡಿದೆ. ಈಗಾಗಲೇ ತಿಂಗಳುಗಟ್ಟಲೆ ಹಚ್ಚುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಚರ್ಮದ ಡಾಕ್ಟರ ಹತ್ತಿರ ಹೋಗಿ. ಏನು ಹಾಕಿದ್ದಾರೆ ಅನ್ನುವ ಪಟ್ಟಿ, ತಯಾರಿಸಿದವರ ವಿಳಾಸ ಇಲ್ಲದ ಡಬ್ಬಿಯನ್ನು ಯಾರು ಕೊಟ್ಟರೂ ಮುಟ್ಟಬೇಡಿ. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಬೆಳ್ಳಗಾಗುವ ಕ್ರೀಮ್ ಹಚ್ಚಿಕೊಂಡವರಿಗೆ ಕಿಡ್ನಿ ಕಾಯಿಲೆ ಬಂತು. ಕಾರಣ ಪಾದರಸ. ಬೆಂಗಳೂರಿನಲ್ಲಿ 2022ರ ಮೇ ತಿಂಗಳಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ 21 ವರ್ಷದ ಕಿರುತೆರೆ ನಟಿ ವಾಪಸ್ ಬರಲಿಲ್ಲ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಹೆಜ್ಜೆ 5: ಮನೆಯ ಮಾತು ತಿದ್ದಿ

ಇದು ಎಲ್ಲಕ್ಕಿಂತ ಕಷ್ಟ. ಫೋನು ಹೊಸದೇನನ್ನೂ ಹೇಳುತ್ತಿಲ್ಲ ಅಂತ ನನಗೆ ನಿಧಾನವಾಗಿ ಗೊತ್ತಾಯಿತು. ಮನೆಯಲ್ಲಿ ಕೇಳಿದ್ದನ್ನೇ ಅದು ಬಣ್ಣ ಹಚ್ಚಿ ತೋರಿಸುತ್ತದೆ. "ಕಪ್ಪಗಿದ್ರೂ ಲಕ್ಷಣವಾಗಿದ್ದಾಳೆ." ನಾವು ಇದನ್ನು ಹೊಗಳಿಕೆ ಅಂತ ಹೇಳುತ್ತೇವೆ. ಆ 'ದ್ರೂ' ಇದೆಯಲ್ಲ, ಹುಡುಗಿಯ ಕಿವಿಗೆ ಬೀಳುವುದು ಅದೊಂದೇ. ಬಸುರಿಗೆ ಕೇಸರಿ ಹಾಲು ಕೊಡುವಾಗಲೇ ಮಗುವಿನ ಬಣ್ಣದ ಮಾತು ಶುರು. ಗಂಡು ಹುಡುಕುವಾಗ 'ಗೋಧಿ ಮೈಬಣ್ಣ'. ಒಂದು ದೊಡ್ಡ ಮದುವೆ ವೆಬ್‌ಸೈಟು ಮೈಬಣ್ಣ ಆರಿಸುವ ಗುಂಡಿಯನ್ನು ತೆಗೆದದ್ದೇ 2020ರಲ್ಲಿ, ಅದೂ ಜನ ಜಗಳ ಮಾಡಿದ ಮೇಲೆ.

ನಮ್ಮ ಹುಡುಗಿಗೆ ಹೋದ ವರ್ಷ ಡೆಂಗಿ ಬಂದು ಆರು ಕೆಜಿ ಇಳಿದಳು. ಎದ್ದು ಕೂರಲೂ ತ್ರಾಣ ಇರಲಿಲ್ಲ. ನೋಡಲು ಬಂದ ನೆಂಟರು, "ಪರವಾಗಿಲ್ವೇ, ಇಳಿದು ಚೆನ್ನಾಗಿ ಕಾಣ್ತಿದ್ದೀಯ" ಅಂದರು. ಅವಳು ಹುಷಾರಾದ ಮೇಲೂ ರಾತ್ರಿ ಊಟ ಬಿಡಲು ಶುರು ಮಾಡಿದ್ದು ಅಲ್ಲಿಂದ. ನಾನು ಅಲ್ಲೇ ಕೂತಿದ್ದೆ. ಏನೂ ಹೇಳಲಿಲ್ಲ. ಇವತ್ತಿಗೂ ಅದು ನನ್ನನ್ನು ಕಾಡುತ್ತದೆ.

ಈಗ ನಮ್ಮ ಮನೆಯಲ್ಲಿ ಒಂದು ಒಪ್ಪಂದ ಇದೆ. ಯಾರೇ ಬಾಗಿಲಲ್ಲಿ ಕಂಡರೂ ದಪ್ಪ, ಸಣ್ಣ, ಬಣ್ಣದ ಮಾತಿಂದ ಶುರು ಮಾಡುವಂತಿಲ್ಲ. ಬೇರೆಯವರು ಶುರು ಮಾಡಿದರೆ ಉತ್ತರ ಹುಡುಗಿ ಕೊಡಬೇಕಿಲ್ಲ, ದೊಡ್ಡವರು ಕೊಡಬೇಕು. "ಅವಳ ಪರೀಕ್ಷೆ ಹೇಗಾಯ್ತು ಕೇಳಿ ಅತ್ತೆ" ಅಂತ ನಗುತ್ತಲೇ ದಾರಿ ತಿರುಗಿಸಿ. ಬಿಡದೇ ಇದ್ದರೆ, "ಈ ಮಾತು ನಮ್ಮನೇಲಿ ಬೇಡ" ಅಂತ ನೇರವಾಗಿ ಹೇಳಿ. ಎರಡು ಹಬ್ಬ ಕಳೆದರೆ ಜನರಿಗೆ ಅಭ್ಯಾಸ ಆಗುತ್ತದೆ.

ಅಮ್ಮಂದಿರಿಗೆ ಒಂದು ಮಾತು. ನಮ್ಮಕ್ಕ ದಿನಾ ಸೀರೆ ಉಡುವಾಗ ಕನ್ನಡಿ ಮುಂದೆ "ಥೂ, ಈ ಹೊಟ್ಟೆ ನೋಡು" ಅನ್ನುತ್ತಿದ್ದಳು. ಮಗಳು ಮಂಚದ ಮೇಲೆ ಕೂತು ಹತ್ತು ವರ್ಷ ಅದನ್ನು ಕೇಳಿದ್ದಾಳೆ. ಆ ಹೊಟ್ಟೆಯಲ್ಲೇ ಅಲ್ವಾ ಅವಳು ಇದ್ದದ್ದು?

ಇನ್ನೊಂದು, "ನೀನು ಚೆನ್ನಾಗೇ ಇದ್ದೀಯ ಬಿಡು" ಅಂತ ಅವಸರದಲ್ಲಿ ಸಮಾಧಾನ ಮಾಡಬೇಡಿ. ಅದು ಮಾತು ಮುಗಿಸುವ ಮಾತು. "ಯಾವಾಗಿಂದ ಹಾಗೆ ಅನಿಸ್ತಿದೆ?" ಅಂತ ಕೇಳಿ, ಆಮೇಲೆ ಸುಮ್ನೆ ಕೂತ್ಕೊಳ್ಳಿ.

ಹೆಜ್ಜೆ 6: ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ಊಟ ಬಿಟ್ಟು 'ಆಗಲೇ ತಿಂದೆ' ಅನ್ನುವುದು, ತಿಂದ ಕೂಡಲೇ ಬಚ್ಚಲಿಗೆ ಹೋಗುವುದು, ಮುಟ್ಟು ನಿಂತುಹೋಗುವುದು, ದಿನಕ್ಕೆ ಹತ್ತಾರು ಸಲ ತೂಕ ಅಥವಾ ಕನ್ನಡಿ ನೋಡುವುದು, ಕಾಲೇಜಿಗೆ, ಮದುವೆಗೆ ಹೋಗಲು ಒಲ್ಲೆ ಅನ್ನುವುದು, ಬದುಕಿ ಏನು ಪ್ರಯೋಜನ ಅನ್ನುವ ಮಾತು. ಇದರಲ್ಲಿ ಯಾವುದು ಕಂಡರೂ ಕಾಯಬೇಡಿ. ನಮ್ಮ ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ 57 ಮಂದಿಗೆ ರಕ್ತಹೀನತೆ ಇದೆ. ಅಂಥ ಮೈಗೆ ರೀಲ್ಸ್ ನೋಡಿ ಕಲಿತ ಡಯಟ್ ಹೇರುವುದು ಎಷ್ಟು ಸರಿ?

14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಫೋನು ಬಿಟ್ಟಿರಲು ಆಗುತ್ತಲೇ ಇಲ್ಲ ಅನ್ನುವವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಅನ್ನುವ ಕ್ಲಿನಿಕ್ಕೇ ಇದೆ. ನಾವು ರಾತ್ರಿ ಊಟದ ವಿಷಯಕ್ಕೆ ಮೂರು ಸಲ ಆಪ್ತಸಮಾಲೋಚಕರನ್ನು ನೋಡಿದೆವು. ನೆಂಟರಿಗೆ ಹೇಳಿಲ್ಲ. ಹೇಳಬೇಕಾಗಿಯೂ ಇಲ್ಲ.

ನಮ್ಮ ಹುಡುಗಿ ಪೂರ್ತಿ ಬದಲಾದಳು ಅಂತ ಹೇಳಿದರೆ ಸುಳ್ಳಾಗುತ್ತದೆ. ಕೆಲವು ಸಲ ಇವತ್ತಿಗೂ ಫಿಲ್ಟರ್ ಹಾಕುತ್ತಾಳೆ. ಯುಗಾದಿ ದಿನ ಬೆಳಿಗ್ಗೆ ಎಣ್ಣೆಸ್ನಾನ ಮಾಡಿ ಅಜ್ಜಿ ಪಕ್ಕ ಕಿಟಕಿ ಹತ್ತಿರ ಕೂತಿದ್ದಳು. ನಾನು ನನ್ನ ಫೋನಲ್ಲಿ ಒಂದು ಫೋಟೋ ತೆಗೆದೆ. ಅವಳು ಬೇಡ ಅನ್ನಲಿಲ್ಲ. ಫೋಟೋ ಇಸ್ಕೊಂಡು ಎರಡು ಬೆರಳಲ್ಲಿ ದೊಡ್ಡದು ಮಾಡಿದಳು, ಮೊದಲು ಅಜ್ಜಿಯ ಗಲ್ಲ, ಆಮೇಲೆ ತನ್ನದು. ಅಲ್ಲೊಂದು ಮಚ್ಚೆ, ಇಲ್ಲೊಂದು ಮಚ್ಚೆ. "ಏನೇ ಅದು ಅಷ್ಟೊತ್ತು ನೋಡ್ತಿದ್ದೀಯ?" ಅಂತ ಅಮ್ಮ ಕೇಳಿದರು. "ಏನಿಲ್ಲ ಅಜ್ಜಿ" ಅಂದಳು.

ಸ್ಟೇಟಸ್‌ಗೆ ಹಾಕಲಿಲ್ಲ. ಆದರೆ ಆ ರಾತ್ರಿ, "ಚಿಕ್ಕಿ, ಬೆಳಿಗ್ಗೆಯ ಫೋಟೋ ನನಗೂ ಕಳಿಸು" ಅಂತ ಮೆಸೇಜ್ ಬಂತು.